ಎಂಜಿನ್‌ನ ಟೈಮಿಂಗ್ ಚೈನ್ (ಪಿಸ್ಟನ್ ಚಲನೆಗೆ ಹೊಂದಿಕೊಂಡು ವಾಲ್ವ್ ತೆರೆದು ಮುಚ್ಚುವಂತೆ ಮಾಡುವ ಚೈನ್) ಸದ್ದು ಮಾಡುತ್ತಿದೆ. ಚೈನ್ ಒಂದನ್ನೇ ಬದಲಾಯಿಸಿದರೆ ಸಾಕಾ?

ಸಾಲದು. ಕೊಂಡಿಗಳ ಪಿನ್ ಸವೆದು ಚೈನ್ ಉದ್ದವಾಗುತ್ತದೆ. ಅಷ್ಟರಲ್ಲಿ ಚೈನ್ ಕೂರುವ ಸ್ಪ್ರಾಕೆಟ್ ಚಕ್ರದ ಹಲ್ಲು, ಚೈನ್ ಜಾರುವ ಪ್ಲಾಸ್ಟಿಕ್ ಗೈಡ್ ಕೂಡ ಸವೆದಿರುತ್ತವೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ಕೆಲವು ಸೆಕೆಂಡ್ ಕಟಕಟ ಅಂದರೆ ಚೈನ್ ಬಿಗಿಮಾಡುವ ಟೆನ್ಷನರ್ ಮೇಲೂ ಅನುಮಾನ ಪಡಿ. ಆಯಿಲ್ ಪ್ರೆಷರ್ ಬರುವವರೆಗೆ ಅದು ಚೈನನ್ನು ಬಿಗಿ ಹಿಡಿಯುತ್ತಿಲ್ಲ. ಪೂರ್ತಿ ಸೆಟ್ಟೇ ಹಾಕಿಸಿ. ಬಿಚ್ಚುವ ಕೆಲಸವೇ ಜಾಸ್ತಿ ಅಲ್ವಾ, ಸುಮ್ನೆ ಎರಡು ಸಲ ಯಾಕೆ?

ಜೋಡಿಸುವಾಗ ಬಣ್ಣದ ಕೊಂಡಿಗಳು ಸ್ಪ್ರಾಕೆಟ್ ಗುರುತಿಗೆ ಸರಿಯಾಗಿ ಕೂರಬೇಕು. ಆಮೇಲೆ ಸ್ಟಾರ್ಟರ್ ಮುಟ್ಟದೆ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಕ್ರ್ಯಾಂಕನ್ನು (ಪಿಸ್ಟನ್‌ಗಳಿಗೆ ಜೋಡಿಸಿದ ಶಾಫ್ಟ್) ಕೈಯಿಂದ 2 ಸುತ್ತು ತಿರುಗಿಸಿ. ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) 1 ಸುತ್ತು ಮುಗಿಸಿ, ಸ್ಪ್ರಾಕೆಟ್ ಗುರುತುಗಳು ಮತ್ತೆ ಹೊಂದಬೇಕು. ಬಣ್ಣದ ಕೊಂಡಿಗಳು ಬೇರೆಡೆ ಹೋಗಿರುತ್ತವೆ, ಗಾಬರಿ ಬೇಡ. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ವಾಲ್ವ್ ಪಿಸ್ಟನ್‌ಗೆ ತಾಗುತ್ತಿರಬಹುದು.