ಇನ್ನೂ ಜಾರಿಗೇ ಬಾರದ ನೀತಿಯ ಫಲ ಮೊದಲೇ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ಸಿಹಿ ಪಾನೀಯಗಳ ಮೇಲೆ ತೆರಿಗೆ ಹಾಕಿದರೆ ಇಷ್ಟು ಸಾವಿರ ಜನ ಸಕ್ಕರೆ ಕಾಯಿಲೆಯಿಂದ ಪಾರಾಗುತ್ತಾರೆ ಅಂತ ಗಣಿತದ ಮಾದರಿಗಳು ಹೇಳುತ್ತವಂತೆ. ಇನ್ನೂ ಆಗದೇ ಇರುವುದನ್ನು ಹೇಗೆ ಲೆಕ್ಕ ಹಾಕುತ್ತಾರೆ? ನಂಬಬಹುದಾ?

ಉತ್ತರ: ಆ ಅಂಕಿಯ ಹಿಂದೆ ಕೊಂಡಿಗೆ ಕೊಂಡಿ ಸೇರಿದ ಒಂದು ಲೆಕ್ಕ ಇರುತ್ತದೆ. ತೆರಿಗೆಯಿಂದ ಬೆಲೆ ಎಷ್ಟು ಏರುತ್ತದೆ? ಏರಿದರೆ ಜನ ಎಷ್ಟು ಕಡಿಮೆ ಕೊಳ್ಳುತ್ತಾರೆ? ಬದಲಿಗೆ ಏನು ಕುಡಿಯುತ್ತಾರೆ? ತೂಕ ಎಷ್ಟು ಇಳಿಯುತ್ತದೆ, ಅದರಿಂದ ಕಾಯಿಲೆ ಎಷ್ಟು ತಗ್ಗುತ್ತದೆ? ಒಂದೊಂದಕ್ಕೂ ಹಿಂದಿನ ಅಧ್ಯಯನಗಳಿಂದ ಒಂದು ಸಂಖ್ಯೆ ತೆಗೆದುಕೊಳ್ಳುತ್ತಾರೆ. ಆಮೇಲೆ ತೆರಿಗೆ ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಅಂತ ಕಂಪ್ಯೂಟರಿನಲ್ಲಿ ಎರಡು ಬಾರಿ ಲೆಕ್ಕ ಓಡಿಸುತ್ತಾರೆ. ಎರಡರ ನಡುವಿನ ವ್ಯತ್ಯಾಸವೇ ನೀವು ಓದಿದ ಅಂಕಿ.

ಎಲ್ಲ ಕೊಂಡಿಗಳೂ ಒಂದೇ ಸಮ ಗಟ್ಟಿ ಇರುವುದಿಲ್ಲ. ಮೆಕ್ಸಿಕೋ 2014ರಲ್ಲಿ ಲೀಟರಿಗೆ 1 ಪೆಸೊ ತೆರಿಗೆ ಹಾಕಿತು. ಮೊದಲ ವರ್ಷ ಖರೀದಿ ಸರಾಸರಿ ಶೇ 6ರಷ್ಟು ಇಳಿಯಿತು. ಇದು ಅಳೆದು ನೋಡಿದ ಸಂಗತಿ, ಹಾಗಾಗಿ ಬೆಲೆಯ ಕೊಂಡಿಗೆ ಒಳ್ಳೆಯ ಆಧಾರ. ಕಾಯಿಲೆಯ ವಿಷಯ ಹಾಗಲ್ಲ. ಫಲ ಕಾಣಲು ಎಷ್ಟೋ ವರ್ಷ ಬೇಕು, ಅಲ್ಲಿ ಊಹೆ ಜಾಸ್ತಿ.

ನನಗೆ ತುಂಬಾ ಮುಖ್ಯ ಅನ್ನಿಸುವುದು ಬ್ರಿಟನ್ನಿನ ಅನುಭವ. ಅಲ್ಲಿ 2018ರ ಏಪ್ರಿಲ್‌ನಿಂದ, 100 ಮಿಲಿಲೀಟರಿಗೆ 5 ಗ್ರಾಂ ಅಥವಾ ಜಾಸ್ತಿ ಸಕ್ಕರೆ ಇರುವ, ಸಕ್ಕರೆ ಬೆರೆಸಿ ಮಾಡಿದ ಪಾನೀಯಕ್ಕೆ ಕಂಪನಿಗಳೇ ತೆರಿಗೆ ಕಟ್ಟಬೇಕಾಯಿತು. ಎಷ್ಟೋ ಕಂಪನಿಗಳು ಅದಕ್ಕೆ ಮೊದಲೇ ಸಕ್ಕರೆ ತಗ್ಗಿಸಿ ಆ ಗೆರೆಯ ಕೆಳಗೆ ಬಂದುಬಿಟ್ಟವು. ಬೆಲೆ ಏರುತ್ತದೆ, ಜನ ಕೊಳ್ಳುವುದು ಬಿಡುತ್ತಾರೆ ಅಂತಷ್ಟೇ ಬರೆದುಕೊಂಡ ಮಾದರಿಗೆ ಇದು ಕಾಣುವುದೇ ಇಲ್ಲ. ತೆರಿಗೆ ಬರುವ ಮುಂಚೆಯೇ ಕೆಲವು ಸಂಶೋಧಕರು ಬೆಲೆ ಏರಿಕೆ, ಕಡಿಮೆ ಸಕ್ಕರೆಯ ಪಾನೀಯಗಳ ಮಾರಾಟ ಹೆಚ್ಚಳ, ಸಕ್ಕರೆ ಕಡಿತ ಮೂರನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿದ್ದರು. ಆರೋಗ್ಯಕ್ಕೆ ಹೆಚ್ಚು ಲಾಭ ಕಂಡಿದ್ದು ಸಕ್ಕರೆ ಕಡಿತದಲ್ಲೇ. ಒಳ್ಳೆಯ ಮಾದರಿ ಮಾಡುವ ಕೆಲಸ ಇದು: ದಾರಿಗಳನ್ನು ಬಿಡಿಸಿ ತೋರಿಸುತ್ತದೆ.

ಇನ್ನೊಂದು ಮಾತು. ಈ ಬಗೆಯ ಲೆಕ್ಕ ಹೊಸದೇನಲ್ಲ. 1760ರಲ್ಲೇ ಗಣಿತಜ್ಞ ಡೇನಿಯಲ್ ಬರ್ನೂಲಿ ಸಿಡುಬು ಇಲ್ಲವಾದರೆ ಜನರ ಸರಾಸರಿ ಆಯಸ್ಸು ಸುಮಾರು 3 ವರ್ಷ ಹೆಚ್ಚುತ್ತದೆ ಅಂತ ತೋರಿಸಿದ. ಆಗಿನ ಕಾಲದಲ್ಲಿ ಸಿಡುಬು ಬರದಂತೆ ತಡೆಯಲು ಆರೋಗ್ಯವಂತರಿಗೆ ಸಿಡುಬಿನ ಕೀವನ್ನೇ ಚುಚ್ಚುತ್ತಿದ್ದರು, ಅದರಿಂದಲೂ ಕೆಲವರು ಸಾಯುತ್ತಿದ್ದರು. ಅದಕ್ಕೇ ಇನ್ನೊಬ್ಬ ಗಣಿತಜ್ಞ ಡಾಲಂಬೇರ್ ಆಕ್ಷೇಪ ಎತ್ತಿದ: ಲಾಭ ಸಿಗುವುದು ಬದುಕಿನ ಕೊನೆಗೆ, ಸಾವಿನ ಅಪಾಯ ಮಾತ್ರ ಈಗಲೇ. ಇವತ್ತಿಗೂ ಈ ಆಕ್ಷೇಪ ಸರಿಯೇ. ಲಾಭ ಯಾರಿಗೆ, ಕಷ್ಟ ಯಾರಿಗೆ ಅನ್ನುವುದನ್ನು ಸರಾಸರಿ ಹೇಳುವುದಿಲ್ಲ.

ಹಾಗಾಗಿ ಅಂಥ ಸುದ್ದಿ ಓದಿದಾಗ ಒಂದೇ ಅಂಕಿ ಕೊಟ್ಟಿದ್ದಾರಾ, ಇಷ್ಟರಿಂದ ಇಷ್ಟರವರೆಗೆ ಅಂತ ಕೊಟ್ಟಿದ್ದಾರಾ ನೋಡಿ. ಯಾವ ಊಹೆ ಬದಲಾದರೆ ಫಲಿತಾಂಶ ತಲೆಕೆಳಗಾಗುತ್ತದೆ ಅಂತ ಹೇಳಿದ್ದಾರಾ ಹುಡುಕಿ. ಎರಡೂ ಇಲ್ಲದಿದ್ದರೆ ಆ ಅಂಕಿಯ ಮೇಲೆ ನಾನಂತೂ ಭಾರ ಹಾಕುವುದಿಲ್ಲ.