ಲೈನ್ ಅನ್ನೋ ಪದಕ್ಕೆ ಇಂಗ್ಲಿಷಲ್ಲಿ ಎಷ್ಟು ಅರ್ಥ ಇದೆ? ಒಂದೊಂದು ಕಡೆ ಒಂದೊಂದು ಥರ ಯಾಕೆ?

ಡಿಕ್ಷನರಿ ನೋಡಿ ತಲೆ ಕೆಟ್ಟೋಯ್ತು ಅಂದಿದೀರಲ್ಲ, ನಾನು ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ (ಕಥೆ ಕಾದಂಬರಿ ಬರೆಯೋನಲ್ಲ, ಆಳುಗಳ ಹಾಜರಿ ಬರೆಯೋನು, ಇದೂ ಒಂದು ಇಂಗ್ಲಿಷ್ ಪದದ ಪಾಡೇ), ನಮಗೆ ಬೆಳಗಾದ್ರೆ ಈ ಲೈನ್ ಜೊತೆಗೇ ಏಗಾಟ.

ಹೋದ ಮಳೆಗಾಲದಲ್ಲಿ ಒಂದಿನ ಮೇಸ್ತ್ರಿ ಓಡ್ಕೊಂಡು ಬಂದು "ಲೈನ್ ಮೇಲೆ ಸಿಲ್ವರ್ ಮರ ಬಿದ್ದು ಲೈನಲ್ಲಿ ಕರೆಂಟಿಲ್ಲ ಸಾರ್, ಲೈನ್‌ಮ್ಯಾನಿಗೆ ಮಾಡಿದ್ರೆ ಲೈನೇ ಸಿಗ್ತಿಲ್ಲ" ಅಂದ್ರು. ಮೈಸೂರಿಂದ ಹೊಸದಾಗಿ ಬಂದಿದ್ದ ಹುಡುಗ ಪಿಳಿಪಿಳಿ ಅಂತ ನೋಡ್ದ. ಮೊದಲ್ನೇದು ಕರೆಂಟ್ ತಂತಿ, ಎರಡನೇದು ಆಳುಗಳ ಮನೆ, ಕೊನೇದು ಫೋನು. ನಮಗ್ಯಾರಿಗೂ ಒಂಚೂರೂ ಗೊಂದಲ ಇಲ್ಲ, ಪಕ್ಕದ ಮಾತು ಕೇಳಿದ್ರೆ ಯಾವ ಲೈನ್ ಅಂತ ತಾನಾಗೇ ಗೊತ್ತಾಗುತ್ತೆ.

ಲೈನ್‌ಮನೆ ಅಂದ್ರೆ ಒಂದೇ ಮಾಡಿನ ಕೆಳಗೆ ಗೋಡೆಗೆ ಗೋಡೆ ತಾಗಿಸಿ ಸಾಲಾಗಿ ಕಟ್ಟಿರೋ ಮನೆಗಳು. ಬ್ರಿಟಿಷರ ಕಾಲದಲ್ಲಿ ಸಿಪಾಯಿಗಳ ವಸತಿ ಸಾಲಿಗೂ ಲೈನ್ಸ್ ಅಂತಿದ್ರು, ಪೊಲೀಸ್ ಲೈನ್ ಅನ್ನೋದೂ ಅದೇ ಜಾತಿ.

ಈಗ ಬುಡಕ್ಕೆ ಬರೋಣ. ಲ್ಯಾಟಿನ್ನಲ್ಲಿ ಲೀನುಮ್ ಅಂದ್ರೆ ಅಗಸೆ ಗಿಡ, ಅದರ ನಾರಿನ ದಾರ ಲೀನಿಯಾ, ಅಲ್ಲಿಂದ ಬಂದಿದ್ದು ಲೈನ್. ಲಿನನ್ ಬಟ್ಟೆನೂ ಅದೇ ಗಿಡದ್ದು, ಕೋಟಿನ ಒಳಗಡೆ ಲಿನನ್ ಹಾಕಿ ಹೊಲೀತಿದ್ರು ಅಂತ ಟೈಲರ್ ಹೇಳೋ ಲೈನಿಂಗ್ ಹುಟ್ಕೊಳ್ತು. ನನಗೆ ಮಜಾ ಅನ್ಸೋದು ಏನಂದ್ರೆ ತೋಟದಲ್ಲಿ ಹೊಸ ಗಿಡ ನೆಡೋಕೆ ಮುಂಚೆ ಹಗ್ಗ ಎಳೆದು, ರೋಬಸ್ಟಾ ಜಾತಿ ಕಾಫಿ ಆದ್ರೆ ಸುಮಾರಾಗಿ 10 ಅಡಿಗೊಂದು ಗೂಟ ಹೊಡೀತೀವಲ್ಲ, ಅದಕ್ಕೂ ನಾವು ಲೈನಿಂಗ್ ಅಂತಾನೇ ಅನ್ನೋದು, ಎಲ್ಲೋ ರೋಮಿನವರ ದಾರ ಇಲ್ಲಿ ನಮ್ ಆಳುಗಳ ಕೈಯಲ್ಲಿ ಇನ್ನೂ ದಾರವಾಗೇ ಇದೆ ನೋಡಿ! ದಾರ ಎಳೆದ್ರೆ ಗೆರೆ, ಗೆರೆ ಮೇಲೆ ಜನ ನಿಂತ್ರೆ ಸಾಲು, ಮನೆ ಕಟ್ಟಿದ್ರೆ ಲೈನ್‌ಮನೆ, ದಾರದ ಬದ್ಲು ತಂತಿ ಎಳೆದ್ರೆ ಕರೆಂಟು ಫೋನು, ಅದೇ ಗೆರೇನ ನೆಲಕ್ಕೆ ಎಳೆದ್ರೆ ಗಡಿ.

ಗಡಿ ಅಂದ್ರೆ 1972ರ ಸಿಮ್ಲಾ ಒಪ್ಪಂದ ಆದ್ಮೇಲೆ ಹೆಸರು ಪಡೆದ ಲೈನ್ ಆಫ್ ಕಂಟ್ರೋಲ್, ನಮ್ಮೂರಲ್ಲಿ ಮಿಲಿಟರಿಯಿಂದ ರಿಟೈರ್ ಆದವರು ಯಾರ ಹತ್ರ ಕೂತ್ರೂ ಅದರ ಮಾತು ಬಂದೇ ಬರುತ್ತೆ. ಡೆಡ್‌ಲೈನ್ ಕೂಡ ಮೊದಲು ನಿಜವಾದ ಗೆರೆನೇ, ಅಮೆರಿಕದ ಅಂತರ್ಯುದ್ಧದ ಸಮಯದಲ್ಲಿ ಜೈಲಲ್ಲಿ ಅದನ್ನ ದಾಟಿದ ಕೈದಿಗೆ ಗುಂಡು ಹೊಡೀತಿದ್ರು. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ಲೇಟಾದ್ರೆ ನನಗೆ ಬರೀ ಬೈಗುಳ. ರೈಲ್ವೆ ಲೈನ್ ಬಗ್ಗೆ ನನ್ನ ಕೇಳ್ಬೇಡಿ, ಕೊಡಗಲ್ಲಿ ಅದೇ ಇಲ್ಲ.

ಅಂದಹಾಗೆ ಲೈನಿಗೇ ಹೆದರ್ಬೇಡಿ, ಸೆಟ್ ಅನ್ನೋ ಪದಕ್ಕೆ 1989ರ ಆಕ್ಸ್‌ಫರ್ಡ್ ದೊಡ್ಡ ಡಿಕ್ಷನರೀಲಿ 430 ಅರ್ಥ ಕೊಟ್ಟಿದಾರೆ.

"ನೀವು ಯಾವ ಲೈನಲ್ಲಿದೀರ" ಅಂತ ಕೆಲಸದ ಬಗ್ಗೆ ಕೇಳೋದು, "ಹುಡುಗ ಲೈನಿಗೆ ಬಂದ" ಅನ್ನೋದು, ಇವೆರಡಕ್ಕೂ ಇಂಗ್ಲಿಷಲ್ಲಿ ಹತ್ತಿರದ ಮಾತು ಇದೆ. ಆದ್ರೆ ಹುಡುಗೀರಿಗೆ ಲೈನ್ ಹೊಡೆಯೋದು ಪೂರ್ತಿ ನಮ್ಮ ಕಡೆ ತಯಾರಾದ ಮಾಲು, ಅದನ್ನ ಹಂಗೇ ಇಂಗ್ಲಿಷಿಗೆ ತಿರುಗಿಸಿ ಇಂಗ್ಲಿಷಿನವರ ಮುಂದೆ ಹೇಳಿದ್ರೆ ಯಾವ ಗೋಡೆಗೆ ಗೆರೆ ಹೊಡೆದೆ ಅಂತ ಕೇಳ್ತಾರೆ ಅಷ್ಟೇ.