ಊರಿನವರೇ ಟಿಕೆಟ್ ಕೊಡಲಿಲ್ಲ

ಪ್ರಶ್ನೆ: ಕೆನಡಾದಲ್ಲಿರುವ ಮಗಳು ಬ್ರ್ಯಾಡ್ ಟ್ರಾಸ್ಟ್ ಎಂಬ ಸಂಸದರ ಮಾತೆತ್ತಿದಳು. ಪಕ್ಷದ ನಾಯಕತ್ವದ ಸ್ಪರ್ಧೆಯಲ್ಲಿ ನಾಲ್ಕನೆಯವರಾಗಿ ಬಂದವರಿಗೆ ಮರುವರ್ಷವೇ ಟಿಕೆಟ್ ತಪ್ಪಿತಂತೆ. ಹೈಕಮಾಂಡ್ ಕೈವಾಡವೇ? (ಕೋಥ್ರೂಡ್, ಪುಣೆ)

ಉತ್ತರ: ಅಲ್ಲ, ಕ್ಷೇತ್ರದವರೇ ಕೈಬಿಟ್ಟರು. ಅಲ್ಲಿನ ಕನ್ಸರ್ವೇಟಿವ್ ಪಕ್ಷದಲ್ಲಿ ಅಭ್ಯರ್ಥಿಯನ್ನು ಸಾಮಾನ್ಯವಾಗಿ ಆರಿಸುವವರು ಆಯಾ ಕ್ಷೇತ್ರದಲ್ಲಿ ಶುಲ್ಕ ಕಟ್ಟಿದ ಸದಸ್ಯರು. 2004ರಿಂದ ಸತತವಾಗಿ ಗೆದ್ದಿದ್ದ ಟ್ರಾಸ್ಟ್ ಎದುರು 2018ರ ಮಾರ್ಚ್‌ನಲ್ಲಿ ಸಾಸ್ಕಾಚೆವಾನ್ ಪ್ರಾಂತದ ವಿಧಾನಸಭೆಯ ಸ್ಪೀಕರ್ ಆಗಿದ್ದವರೇ ನಿಂತು ಗೆದ್ದರು. ಇಂಥ ಆಯ್ಕೆಯಲ್ಲಿ ಭಾಷಣಕ್ಕಿಂತ ಹೊಸ ಸದಸ್ಯರನ್ನು ನೋಂದಾಯಿಸಿ, ಆ ದಿನ ಮನೆಯಿಂದ ಹೊರಡಿಸಿ ತರುವುದೇ ಮುಖ್ಯ. ದೇಶವಿಡೀ ಚದುರಿದ ಬೆಂಬಲಿಗರು ಟ್ರಾಸ್ಟ್ ಅವರ, ಸಾಸ್ಕಟೂನ್ ನಗರದ ಒಂದು ಕ್ಷೇತ್ರದಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ಗರ್ಭಪಾತ, ಸಲಿಂಗ ವಿವಾಹ ಎರಡನ್ನೂ ವಿರೋಧಿಸಿ, ಮಂತ್ರಿಯೂ ಆಗದವರು ಅಷ್ಟು ಮೇಲೆ ಬಂದದ್ದು ಹೇಗೆ? (ಮಾಟುಂಗಾ, ಮುಂಬೈ)

ಉತ್ತರ: 2016ರ ವ್ಯಾಂಕೂವರ್ ಸಮಾವೇಶದಲ್ಲಿ ಪಕ್ಷವು ವಿವಾಹದ ಹಳೆಯ ವ್ಯಾಖ್ಯೆಯನ್ನು (ಒಂದು ಗಂಡು, ಒಂದು ಹೆಣ್ಣು) ತನ್ನ ನೀತಿಯಿಂದ ಕಿತ್ತುಹಾಕಿತು. ಅದನ್ನು ಒಪ್ಪದವರಿಗೆ ಟ್ರಾಸ್ಟ್ ದನಿಯಾದರು. ಉಳಿದದ್ದು ಎಣಿಕೆಯ ಮಹಿಮೆ. ಪುಣೆ ಪದವೀಧರ ಮತಕ್ಷೇತ್ರದಲ್ಲಿ ನೇರಳೆ ಸ್ಕೆಚ್ ಪೆನ್ನಿನಿಂದ 1, 2, 3 ಎಂದು ಬರೆದವರಿಗೆ ಅರ್ಧ ಗೊತ್ತಿರುವುದೇ: ಕೊನೆಯವನು ಹೊರಬಿದ್ದಾಗ ಅವನ ಮತ ಮುಂದಿನ ಪ್ರಾಶಸ್ತ್ಯಕ್ಕೆ ಹೋಗುತ್ತದೆ. ಬರೀ 1 ಬರೆದು ಬಿಟ್ಟಿದ್ದರೆ ಆ ಚೀಟಿ ಅಲ್ಲಿಗೇ ಸತ್ತಂತೆ.

ಇನ್ನರ್ಧ ವಿಚಿತ್ರ. 2017ರ ಆ ನಾಯಕತ್ವ ಸ್ಪರ್ಧೆಯಲ್ಲಿ 338 ಕ್ಷೇತ್ರಗಳಿಗೂ ತಲಾ 100 ಅಂಕ, ಅಲ್ಲಿ ಬಿದ್ದ ಮತಗಳ ಅನುಪಾತದಲ್ಲಿ ಹಂಚಿಕೆ. 40 ಸದಸ್ಯರು ಮತ ಹಾಕಿದ ಕಡೆ ಒಂದು ಮತಕ್ಕೆ ಎರಡೂವರೆ ಅಂಕ. 2,000 ಮಂದಿ ಹಾಕಿದ ಕಡೆ ಅಂಕದ ಇಪ್ಪತ್ತನೇ ಒಂದು ಭಾಗ! ಚಿಕ್ಕ ಕ್ಷೇತ್ರದಲ್ಲಿ ಹತ್ತು ಕುಟುಂಬ ಹಿಡಿದವನಿಗೆ ಸುಗ್ಗಿ. (ಆಮೇಲೆ ಈ ನಿಯಮವನ್ನು ತಿದ್ದಿದರು.) ಟ್ರಾಸ್ಟ್ 11ನೇ ಸುತ್ತಿನವರೆಗೂ ಉಳಿದರು. 13ನೇ ಸುತ್ತಿನಲ್ಲಿ ಆಂಡ್ರ್ಯೂ ಶೀರ್ ಶೇ. 50.95 ಅಂಕ ಪಡೆದು ಮ್ಯಾಕ್ಸಿಮ್ ಬರ್ನಿಯೆಯನ್ನು ಸೋಲಿಸಿ ನಾಯಕರಾದರು. ಅಷ್ಟು ತೆಳುವಾದ ಅಂತರದಲ್ಲಿ, ಟ್ರಾಸ್ಟ್ ಚೀಟಿಗಳಲ್ಲಿ ಮುಂದೆ ಯಾರ ಹೆಸರಿತ್ತು ಎಂಬುದೇ ನಿರ್ಣಾಯಕ.

ಪ್ರಶ್ನೆ: ಪಕ್ಷದ ನಿಲುವಿಗೆ ಹೀಗೆ ಎದುರಾಡಿದರೆ ಸಂಸತ್ ಸದಸ್ಯತ್ವ ಹೋಗದೇ? (ವಾಸ್ಕೊ, ಗೋವಾ)

ಉತ್ತರ: ಎದುರಾಡಿದ್ದಕ್ಕೆ ನಮ್ಮಲ್ಲೂ ಸುಮ್ಮನೆ ಹೋಗದು. ವಿಪ್ ಮೀರಿ ಮತ ಹಾಕಿ, ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು, ಅನ್ವಯಿಸುತ್ತದೆ. ಕೆನಡಾದಲ್ಲಿ ಅಂಥ ಕಾನೂನಿಲ್ಲ. ಪಕ್ಷ ಉಚ್ಚಾಟಿಸಿದರೂ ಸೀಟು ಅವರದೇ, ಸ್ವತಂತ್ರರಾಗಿ ಕೂರುತ್ತಾರೆ. ಟ್ರಾಸ್ಟ್ ಮಾತ್ರ ಉಚ್ಚಾಟನೆಯಾಗದೆ 2019ರ ಚುನಾವಣೆಯವರೆಗೆ ಅವಧಿ ಮುಗಿಸಿದರು.